ಹಳೆಯ ಪುಸ್ತಕಕ್ಕೆ ಹೊಸ ವಿದ್ಯಾರ್ಥಿ

ಜೂನ್ ತಿಂಗಳು ಬಂತೆಂದರೆ ನಮ್ಮ ಭಾಗದ ರೈತನ ಕಿಸೆಗೆ ಎರಡು ಕಡೆಯಿಂದ ಕೈ ಬೀಳುತ್ತದೆ. ಒಂದು ಕಡೆ ಬೀಜ, ಗೊಬ್ಬರ. ಇನ್ನೊಂದು ಕಡೆ ಮಕ್ಕಳ ಫೀ, ಪುಸ್ತಕ. ಗೋವಿನಜೋಳ ಮಾರಿದ ಹಣ ಕೈಗೆ ಸೇರುವುದು ದೀಪಾವಳಿಯ ಸುಮಾರಿಗೆ. ವಿದ್ಯಾರ್ಥಿವೇತನ ಬಂದರೂ ಅದು ಪಾಠ ಅರ್ಧ ಮುಗಿದ ಮೇಲೆಯೇ. ಕಾಲೇಜು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕುಗಳ ಮನೆಮನೆಯ ಕತೆ ಇದು.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಜೂನ್ ಸಂಜೆ ಹಾನಗಲ್ಲ ತಾಲ್ಲೂಕಿನ ಒಬ್ಬ ತಂದೆ ನನ್ನ ಮನೆಗೆ ಬಂದರು. ಅವರ ಮಗ ಹತ್ತನೆಯ ತರಗತಿಯವರೆಗೆ ನನ್ನ ಕೈಕೆಳಗೆ ವಿಜ್ಞಾನ ಕಲಿತವನು. ಒಳ್ಳೆಯ ಅಂಕ ಪಡೆದು ಪಿಯುಸಿ ವಿಜ್ಞಾನಕ್ಕೆ ಸೇರಿದ್ದ. ತಂದೆ ಅಂಗಿಯ ಜೇಬಿನಿಂದ ಮಡಿಚಿದ ಒಂದು ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ಕೊಳ್ಳಬೇಕಾದ ಪುಸ್ತಕಗಳ ಪಟ್ಟಿ ಅದು.

‘ಸರ್, ಇದರಾಗ ಯಾವುದು ಬಿಟ್ರ ನಡೀತೈತ್ರಿ?’ ಎಂದು ಕೇಳಿದರು.

ಎಲ್ಲಿ ಸಿಗುತ್ತದೆ ಎಂದಾಗಲಿ, ಎಷ್ಟಾಗುತ್ತದೆ ಎಂದಾಗಲಿ ಅವರು ಕೇಳಲಿಲ್ಲ. ಯಾವುದನ್ನು ಬಿಡಬಹುದು ಎಂದು ಕೇಳಿದರು. ಮಗ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಪುಸ್ತಕಕ್ಕೆ ಹಣ ಹೊಂದದಿದ್ದರೆ ವಿಜ್ಞಾನ ಬಿಟ್ಟು ಬೇರೆ ವಿಭಾಗಕ್ಕೆ ಹೋಗುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತೆಂದು ಆಮೇಲೆ ತಿಳಿಯಿತು. ನಾನು ಹೈಸ್ಕೂಲು ಮಾಸ್ತರ; ಕಾಲೇಜಿನ ಪಾಠ ನನ್ನ ಸೀಮೆಯಲ್ಲ. ಆದರೂ ಆ ದಿನದಿಂದ ಈ ವಿಷಯದ ಬೆನ್ನು ಹತ್ತಿದೆ. ಉಪನ್ಯಾಸಕ ಮಿತ್ರರನ್ನು, ಗ್ರಂಥಪಾಲಕರನ್ನು, ಅಂಗಡಿಯವರನ್ನು ಕೇಳಿದೆ. ಹೀಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಟ್ಟಿಯನ್ನು ಮೂರು ಪಾಲು ಮಾಡಿ

ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ. ಚೀಟಿಯನ್ನು ಮೂರು ಪಾಲು ಮಾಡುವುದು. ಮೊದಲನೆಯದು ದಿನವೂ ಕೈಯಲ್ಲಿರಬೇಕಾದ ಪಠ್ಯಪುಸ್ತಕ. ಎರಡನೆಯದು ಆಗಾಗ ತೆರೆದು ನೋಡುವ ಆಕರ ಪುಸ್ತಕ ಮತ್ತು ಲೆಕ್ಕ ಬಿಡಿಸುವ ಪುಸ್ತಕ. ಮೂರನೆಯದು ಗೈಡು, ಪ್ರಶ್ನೋತ್ತರ ಮಾಲಿಕೆ, ‘ಖಂಡಿತ ಪಾಸು’ ಎಂಬ ಬಗೆಯವು.

ಮೊದಲ ಪಾಲನ್ನು ಹೇಗಾದರೂ ಮಾಡಿ ಸ್ವಂತಕ್ಕೆ ಪಡೆಯಬೇಕು. ಎರಡನೆಯದನ್ನು ಗ್ರಂಥಾಲಯದಿಂದ ತರಬಹುದು, ಇಲ್ಲವೆ ಮೂವರು ಗೆಳೆಯರು ಕೂಡಿ ಒಂದನ್ನು ಕೊಳ್ಳಬಹುದು. ಮೂರನೆಯದಕ್ಕೆ ಜೂನ್ ತಿಂಗಳಲ್ಲಿ ಒಂದು ಪೈಸೆಯನ್ನೂ ಹಾಕಬೇಕಿಲ್ಲ. ಅಂದು ಆ ತಂದೆಯ ಚೀಟಿಯನ್ನು ಹೀಗೆ ವಿಂಗಡಿಸಿದಾಗ ಅರ್ಧಕ್ಕಿಂತ ಹೆಚ್ಚು ಹೆಸರುಗಳು ಎರಡನೆಯ ಮತ್ತು ಮೂರನೆಯ ಪಾಲಿಗೆ ಹೋದವು. ಪಟ್ಟಿ ಕೊಟ್ಟವರದೇನೂ ತಪ್ಪಿಲ್ಲ. ಇದ್ದರೆ ಒಳ್ಳೆಯದು ಎಂಬುದನ್ನೆಲ್ಲ ಅವರು ಬರೆದಿರುತ್ತಾರೆ. ಇರಲೇಬೇಕಾದದ್ದು ಯಾವುದೆಂದು ಕೇಳಿ ತಿಳಿಯುವುದು ನಮ್ಮ ಕೆಲಸ. ಸಂಕೋಚ ಬಿಟ್ಟು ಉಪನ್ಯಾಸಕರನ್ನೇ ಕೇಳಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಮಾರ್ಚಿನಲ್ಲಿ ಹುಡುಕಿ, ಜೂನಿನಲ್ಲಿ ಅಲ್ಲ

ಹಳೆಯ ಪುಸ್ತಕಕ್ಕೂ ಸುಗ್ಗಿ ಉಂಟು. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ವಾರ ಆ ಪುಸ್ತಕಗಳು ಮನೆಯ ಅಟ್ಟ ಸೇರುತ್ತವೆ. ಮಳೆಗಾಲಕ್ಕೆ ಮುಂಚೆ ರದ್ದಿ ಅಂಗಡಿಯ ತಕ್ಕಡಿ ಏರುತ್ತವೆ. ಕಿಲೋ ಲೆಕ್ಕದಲ್ಲಿ ಹೋಗುವ ಆ ಪುಸ್ತಕಕ್ಕೆ ನೀವು ಅರ್ಧ ಬೆಲೆ ಕೊಡುತ್ತೇನೆಂದರೆ ಕೊಡುವವರಿಗೂ ಸಂತೋಷ. ಜೂನ್‌ನಲ್ಲಿ ಕೇಳಿದರೆ ‘ಅಯ್ಯ, ಹೋದ ತಿಂಗಳನಽ ಹಾಕಿಬಿಟ್ವಿ’ ಎಂಬ ಉತ್ತರ ಸಿಗುತ್ತದೆ. ಆದ್ದರಿಂದ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮರುದಿನವೇ ಹುಡುಕಾಟ ಆರಂಭಿಸಬೇಕು. ಮರುಪರೀಕ್ಷೆ ಬರೆಯುವವರ ಪುಸ್ತಕವನ್ನು ಮಾತ್ರ ಆಗಲೇ ಕೇಳಬೇಡಿ; ಅದು ಇನ್ನೂ ಅವರಿಗೆ ಬೇಕು.

ಹುಡುಕುವುದಾದರೂ ಎಲ್ಲಿ? ಮೊದಲು ನಿಮ್ಮ ಓಣಿಯಲ್ಲಿ, ಆಮೇಲೆ ಅದೇ ಕಾಲೇಜಿನ ಹಿರಿಯ ವಿದ್ಯಾರ್ಥಿಗಳಲ್ಲಿ. ಅದೇ ಕಾಲೇಜಿನವರಾದರೆ ಅದೇ ಲೇಖಕರ ಪುಸ್ತಕ, ಅದೇ ಉಪನ್ಯಾಸಕರ ಟಿಪ್ಪಣಿ ಸಿಗುತ್ತದೆ. ನಮ್ಮ ನಾಲ್ಕು ಊರುಗಳಲ್ಲಿ ಪುಸ್ತಕದ ಅಂಗಡಿಯವರು ಸಾಮಾನ್ಯವಾಗಿ ಹೊಸದನ್ನೇ ಇಡುತ್ತಾರೆ. ಆದರೂ ಕೇಳಿ ನೋಡಿ. ಯಾರ ಮನೆಯಲ್ಲಿ ಹಳೆಯದಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ಊರಿನಲ್ಲಿ ಸಿಗದಿದ್ದರೆ ಹಾನಗಲ್ಲ, ಸವಣೂರು, ಶಿಗ್ಗಾವಿಯವರು ಹಾವೇರಿ ಅಥವಾ ಹುಬ್ಬಳ್ಳಿಗೆ, ಹಿರೇಕೆರೂರಿನವರು ರಾಣೆಬೆನ್ನೂರು ಅಥವಾ ಶಿವಮೊಗ್ಗಕ್ಕೆ ಹೋಗುವುದು ವಾಡಿಕೆ. ಪದವಿಯ ಪುಸ್ತಕಕ್ಕೆ ಧಾರವಾಡದಲ್ಲಿ ಹುಡುಕಬೇಕು. ಕರ್ನಾಟಕ ಕಾಲೇಜು 1917ರಿಂದಲೂ, ಕರ್ನಾಟಕ ವಿಶ್ವವಿದ್ಯಾಲಯ 1950ರಿಂದಲೂ ಇರುವ ಊರು ಅದು. ಅಲ್ಲಿಯ ವಸತಿಗೃಹಗಳಲ್ಲಿ ವರ್ಷವೂ ಒಂದು ತಂಡ ಹೊರಟು ಇನ್ನೊಂದು ತಂಡ ಬರುತ್ತದೆ.

ಒಂದು ಚಿಕ್ಕ ಲೆಕ್ಕ ಹೇಳುತ್ತೇನೆ. ಐವತ್ತು ರೂಪಾಯಿ ಉಳಿಸಲು ಹುಬ್ಬಳ್ಳಿಗೆ ಹೋಗಿ ಬಸ್ಸಿಗೆ ಅದಕ್ಕಿಂತ ಹೆಚ್ಚು ಕೊಟ್ಟರೆ ಉಳಿದದ್ದೇನು? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಆದ್ದರಿಂದ ಪುಸ್ತಕ ತರಲು ಅಪ್ಪ ಹೋಗುವುದಕ್ಕಿಂತ ತಾಯಿ–ಮಗಳು ಹೋಗುವುದು ಲಾಭ! ನಾಲ್ಕು ಮನೆಯ ಚೀಟಿ ಹಿಡಿದು ಒಬ್ಬರೇ ಹೋಗಿ ಬಂದರೆ ಇನ್ನೂ ಲಾಭ.

ಬೆಂಗಳೂರಿನ ಅವೆನ್ಯೂ ರಸ್ತೆ ಹಳೆಯ ಪಠ್ಯಪುಸ್ತಕಕ್ಕೆ ಬಹುಕಾಲದಿಂದ ಹೆಸರಾದದ್ದು. ಅಲ್ಲಿ ನೆಂಟರಿದ್ದರೆ ಹೆಸರು, ಲೇಖಕ, ಆವೃತ್ತಿ ಬರೆದು ತಿಳಿಸಿ. ಕಳುಹಿಸುವ ಖರ್ಚಿಗೂ ಹೆದರಬೇಕಾಗಿಲ್ಲ. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಆರಂಭಿಸಿತು. ಪುಸ್ತಕಗಳಿಗಾಗಿಯೇ ಇರುವ ಇದರಲ್ಲಿ ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಐದು ಕಿಲೋ ಎಂದರೆ ಒಂದು ವರ್ಷದ ಪುಸ್ತಕಗಳ ಗಂಟೇ ಆಯಿತು.

ನಾನು ಮಾಡಿದ ತಪ್ಪು

ಹಳೆಯ ಪುಸ್ತಕ ಕೊಳ್ಳುವಾಗ ಬಹಳ ಎಚ್ಚರ ಬೇಕಾದದ್ದು ಪಠ್ಯಕ್ರಮದ ವಿಷಯದಲ್ಲಿ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ.

ನಮ್ಮ ರಾಜ್ಯದ ಪಿಯುಸಿ ವಿಜ್ಞಾನಕ್ಕೆ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯ ಬಂತು. ಹತ್ತು ವರ್ಷ ಅದೇ ನಡೆಯಿತು. ಅಣ್ಣನ ಪುಸ್ತಕ ತಮ್ಮನಿಗೆ, ತಮ್ಮನದು ತಂಗಿಗೆ ಸಲೀಸಾಗಿ ಸಾಗುತ್ತಿತ್ತು. 2023ರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದ್ವಿತೀಯ ಪಿಯುಸಿಗೆ ಬಂದಾಗ ‘ನಿಮ್ಮ ಅಕ್ಕನ ಪುಸ್ತಕ ಐತಲ್ಲವ್ವಾ, ಅದನ್ನ ಓದು’ ಎಂದೆ. ಅವಳು ರಜೆಯಲ್ಲೇ ರಸಾಯನಶಾಸ್ತ್ರದ ಮೊದಲ ಅಧ್ಯಾಯ ಹಿಡಿದು ಕುಳಿತಳು. ಘನಸ್ಥಿತಿಯ ಪಾಠ ಅದು. ಕಷ್ಟಪಟ್ಟು ಎಲ್ಲ ಲೆಕ್ಕ ಬಿಡಿಸಿದಳು. ಕಾಲೇಜು ತೆರೆದ ಮೇಲೆ ತಿಳಿಯಿತು: ಆ ಅಧ್ಯಾಯವೇ ಇಲ್ಲ! ಎನ್‌ಸಿಇಆರ್‌ಟಿ ಪಠ್ಯವನ್ನು ಹಗುರ ಮಾಡಿತ್ತು; 2023-24ರಿಂದ ನಮ್ಮ ಪಿಯುಸಿಯೂ ಅದನ್ನೇ ಅನುಸರಿಸಿತು. ‘ಇರ್ಲಿ ಬಿಡ್ರಿ ಸರ್, ಓದಿದ್ದು ಎಲ್ಲಿಗೂ ಹೋಗಂಗಿಲ್ಲ’ ಎಂದು ಹುಡುಗಿಯೇ ನನಗೆ ಸಮಾಧಾನ ಹೇಳಿದಳು. ಆದರೆ ಅವಳ ರಜೆ ಹೋದದ್ದು ನನ್ನ ಮಾತಿನಿಂದ.

ಹಾಗಾದರೆ 2023ಕ್ಕಿಂತ ಹಿಂದಿನ ಪುಸ್ತಕ ನಿರುಪಯುಕ್ತವೇ? ಇಲ್ಲ. ಬಿಟ್ಟದ್ದು ಯಾವುದು, ಉಳಿದದ್ದು ಯಾವುದು ಎಂದು ತಿಳಿದರೆ ಸಾಕು. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಲೋಹಗಳ ಉದ್ಧರಣೆ, ಪಿ-ಬ್ಲಾಕ್ ಧಾತುಗಳು, ಪಾಲಿಮರ್‌ಗಳು, ನಿತ್ಯಜೀವನದಲ್ಲಿ ರಸಾಯನಶಾಸ್ತ್ರ ಈ ಆರು ಅಧ್ಯಾಯಗಳು ಹೋಗಿ ಹತ್ತು ಉಳಿದವು. ಭೌತಶಾಸ್ತ್ರದಲ್ಲಿ ಕೊನೆಯ ಸಂವಹನ ವ್ಯವಸ್ಥೆಯ ಅಧ್ಯಾಯ ಹೋಯಿತು. ಜೀವಶಾಸ್ತ್ರದಲ್ಲಿ ಜೀವಿಗಳಲ್ಲಿ ಸಂತಾನೋತ್ಪತ್ತಿ ಎಂಬ ಮೊದಲ ಅಧ್ಯಾಯ, ಆಹಾರ ಉತ್ಪಾದನೆ ಮತ್ತು ಪರಿಸರ ಸಮಸ್ಯೆಗಳ ಅಧ್ಯಾಯಗಳು ಹೋದವು. ಪ್ರಥಮ ಪಿಯುಸಿ ಗಣಿತದಲ್ಲಿ ಗಣಿತೀಯ ಅನುಗಮನ ಮತ್ತು ಗಣಿತೀಯ ತರ್ಕದ ಅಧ್ಯಾಯಗಳಿಲ್ಲ. ಉಳಿದ ಅಧ್ಯಾಯಗಳ ಒಳಗೂ ಅಲ್ಲಲ್ಲಿ ಕತ್ತರಿ ಬಿದ್ದಿದೆ.

ಇನ್ನೊಂದು ಸ್ವಾರಸ್ಯವಿದೆ. ಪಿಯುಸಿ ಪುಸ್ತಕದಿಂದ ಹೊರಹೋದ ಪಿ-ಬ್ಲಾಕ್ ಧಾತುಗಳ ಪಾಠ 2024ರ ನೀಟ್ ಪಠ್ಯಕ್ರಮದಲ್ಲಿ ಉಳಿಯಿತು. ಜೆಇಇ ಮೇನ್‌ನಲ್ಲಿಯೂ ಉಳಿಯಿತು. ಆ ಪರೀಕ್ಷೆ ಬರೆಯುವವನಿಗೆ ಹಳೆಯ ಪುಸ್ತಕವೇ ಹೆಚ್ಚು ಉಪಯೋಗಿ! 2024ರ ಸಿಇಟಿಯಲ್ಲಿ ಪಠ್ಯಕ್ರಮದಿಂದ ಬಿಟ್ಟುಹೋದ ಭಾಗದ ಪ್ರಶ್ನೆಗಳು ಬಂದು ಗದ್ದಲವಾದದ್ದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟದ್ದು ಪಾಲಕರಿಗೆ ನೆನಪಿರಬಹುದು. ಆದ್ದರಿಂದ ಯಾವ ಪರೀಕ್ಷೆಗೆ ಯಾವ ಪಠ್ಯ ಎಂದು ಆಯಾ ವರ್ಷದ ಪ್ರಕಟಣೆ ನೋಡಿಯೇ ತೀರ್ಮಾನಿಸಬೇಕು.

ಇದಕ್ಕೊಂದು ಸುಲಭ ಉಪಾಯವಿದೆ. ಎನ್‌ಸಿಇಆರ್‌ಟಿ ತನ್ನ ಎಲ್ಲ ಪಠ್ಯಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಮನೆಗೊಂದೇ ಮೊಬೈಲ್ ಇರುವಲ್ಲಿ ಅದರಲ್ಲೇ ಇಡೀ ಪುಸ್ತಕ ಓದುವುದು ಆಗದ ಮಾತು, ಕಣ್ಣಿಗೂ ಒಳ್ಳೆಯದಲ್ಲ. ಆದರೆ ಹೊಸ ಪುಸ್ತಕದ ಪರಿವಿಡಿ ತೆರೆದು ಹಳೆಯದರ ಪಕ್ಕ ಇಟ್ಟು ಹೋಲಿಸಲು ಅರ್ಧ ಗಂಟೆ ಸಾಕು. ಬಿಟ್ಟ ಭಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಹಳೆಯ ಪುಸ್ತಕ ಆಗ ಹೊಸದಾಯಿತು.

ಪದವಿ ತರಗತಿಗೆ ಬಂದಾಗ

ಪದವಿಯಲ್ಲಿ ಗೊಂದಲ ಇನ್ನೂ ಹೆಚ್ಚು. 2021-22ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯ ವ್ಯವಸ್ಥೆ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈ ನಡುವೆ 2023ರಲ್ಲಿ ನಮ್ಮ ಹಾವೇರಿಗೇ ಪ್ರತ್ಯೇಕ ವಿಶ್ವವಿದ್ಯಾಲಯವೂ ಬಂತು. ಹೀಗಾಗಿ ಒಂದೇ ಮನೆಯ ಮೂವರು ಮಕ್ಕಳು ಮೂರು ಬಗೆಯ ಪಠ್ಯಕ್ರಮ ಓದಿದ ಉದಾಹರಣೆ ಇರಬಹುದು.

ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಸೆಮಿಸ್ಟರಿಗೆಂದು ಅಳೆದು ಬರೆದ ಪುಸ್ತಕ ಬೇಗ ಹಳತಾಗುತ್ತದೆ, ವಿಷಯಕ್ಕೆಂದು ಬರೆದ ಪುಸ್ತಕ ಹಳತಾಗುವುದಿಲ್ಲ. ಮೇಲ್ಹೊದಿಕೆಯ ಮೇಲೆ ‘ಮೂರನೆಯ ಸೆಮಿಸ್ಟರಿಗೆ’ ಎಂದಿದ್ದರೆ ಯಾವ ವರ್ಷದ ಪಠ್ಯಕ್ರಮವೆಂದು ನೋಡದೆ ಮುಟ್ಟಬೇಡಿ. ಆದರೆ ಎಚ್. ಸಿ. ವರ್ಮಾ ಅವರ ಭೌತಶಾಸ್ತ್ರ, ಮಾರಿಸನ್–ಬಾಯ್ಡ್ ಅವರ ಸಾವಯವ ರಸಾಯನಶಾಸ್ತ್ರ, ಬ್ರಿಜ್‌ಲಾಲ್–ಸುಬ್ರಹ್ಮಣ್ಯಂ ಅವರ ದ್ಯುತಿಶಾಸ್ತ್ರ, ಶಾಂತಿನಾರಾಯಣ್ ಅವರ ಕಲನಶಾಸ್ತ್ರ ಇಂಥವು ಎಷ್ಟೇ ಹಳೆಯ ಮುದ್ರಣವಾದರೂ ಧೈರ್ಯವಾಗಿ ಕೊಳ್ಳಬಹುದು. ನ್ಯೂಟನ್ನನ ನಿಯಮಕ್ಕೆ ಸೆಮಿಸ್ಟರ್ ಇಲ್ಲ. ತೆರಿಗೆ, ಕಂಪನಿ ಕಾನೂನು, ಕಂಪ್ಯೂಟರ್ ಇಂಥ ವಿಷಯಗಳಲ್ಲಿ ಮಾತ್ರ ಹಳೆಯದು ಅಪಾಯ. ವಾಣಿಜ್ಯದ ವಿದ್ಯಾರ್ಥಿ ಜಿಎಸ್‌ಟಿ ಬಂದ 2017ಕ್ಕಿಂತ ಹಿಂದಿನ ಪರೋಕ್ಷ ತೆರಿಗೆಯ ಪುಸ್ತಕ ಕೊಂಡರೆ ದುಡ್ಡು ಹಳ್ಳಕ್ಕೆ ಹಾಕಿದಂತೆ.

ಕೈಯಲ್ಲಿ ಹಿಡಿದು ನೋಡುವುದು

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ. ಪುಸ್ತಕ ಕೊಳ್ಳುವವನು ಮುಖಪುಟದ ಒಳಗಿನ ಎರಡನೆಯ ಪುಟ ನೋಡಬೇಕು. ಅಲ್ಲಿ ‘ಆವೃತ್ತಿ’ ಎಂದಿರುವುದೇ ಮುಖ್ಯ. ‘ಮರುಮುದ್ರಣ’ ಎಂದರೆ ಅದೇ ಪುಸ್ತಕವನ್ನು ಮತ್ತೆ ಅಚ್ಚು ಹಾಕಿದ್ದು, ಒಳಗೆ ವ್ಯತ್ಯಾಸವಿಲ್ಲ. ಆಮೇಲೆ ಪುಟಸಂಖ್ಯೆ ತಿರುವಿ ನೋಡಿ. ಪುಸ್ತಕವನ್ನು ಸಾಮಾನ್ಯವಾಗಿ 16 ಪುಟಗಳ ಫಾರಂ ಲೆಕ್ಕದಲ್ಲಿ ಹೊಲಿದಿರುತ್ತಾರೆ. ಒಂದು ಫಾರಂ ಉದುರಿದರೆ ಹದಿನಾರು ಪುಟ ಒಟ್ಟಿಗೆ ಮಾಯ. ಕೊನೆಯ ಉತ್ತರಗಳ ಪುಟ, ಕೋಷ್ಟಕ, ಚಿತ್ರಗಳನ್ನು ರೆಕಾರ್ಡ್ ಪುಸ್ತಕಕ್ಕೆ ಹರಿದು ಅಂಟಿಸಿದವರೂ ಇದ್ದಾರೆ. ಅದನ್ನೂ ನೋಡಿ.

ಪೆನ್ಸಿಲ್ ಗೆರೆ ತೊಂದರೆಯಿಲ್ಲ. ಶಾಯಿಯಲ್ಲಿ ಸಾಲು ಸಾಲಿಗೂ ಗೆರೆ ಎಳೆದಿದ್ದರೆ ನಿಮ್ಮ ಕಣ್ಣು ಹಿಂದಿನವನು ಕಂಡದ್ದನ್ನೇ ಕಾಣುತ್ತದೆ. ಲೆಕ್ಕಗಳ ಪಕ್ಕ ಉತ್ತರ ಬರೆದಿದ್ದರೆ ಒಂದು ಕಾಗದದ ಪಟ್ಟಿ ಮುಚ್ಚಿಟ್ಟುಕೊಂಡು ಬಿಡಿಸಿ. ರಟ್ಟು ಕಿತ್ತಿದ್ದರೆ ಚಿಂತೆಯಿಲ್ಲ, ಊರಿನ ಬೈಂಡಿಂಗ್‌ನವರು ಹೊಸ ರಟ್ಟು ಹಾಕಿಕೊಡುತ್ತಾರೆ. ಮನೆಯಲ್ಲೇ ಮಾಡುವುದಾದರೆ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿ, ಹುಳ ಹತ್ತುವುದಿಲ್ಲ. ಅದು ವಿಷ, ಹಿರಿಯರೇ ಬೆರೆಸಬೇಕು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮಳೆ ಜೋರಾದ ಹಾನಗಲ್ಲ ಸೀಮೆಯಲ್ಲಿ ಅಟ್ಟದ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಒಣಬಟ್ಟೆಯಿಂದ ಒರೆಸಿ, ಪುಟ ಬಿಡಿಸಿ ಗಾಳಿಗೆ ಇಟ್ಟರೆ ಸಾಕು. ಗೆದ್ದಲು ತಿಂದದ್ದನ್ನು ಮಾತ್ರ ಮನೆಗೆ ತರಬೇಡಿ.

ಹಳೆಯ ಪುಸ್ತಕವೇ ಬೇರೆ, ಕಳ್ಳ ಮುದ್ರಣವೇ ಬೇರೆ. ನೀವು ಕೊಂಡ ಅಸಲಿ ಪುಸ್ತಕವನ್ನು ಇನ್ನೊಬ್ಬರಿಗೆ ಮಾರಲು 1957ರ ಕೃತಿಸ್ವಾಮ್ಯ ಕಾಯ್ದೆಯ ಅಡ್ಡಿಯಿಲ್ಲ. ಹೆಸರಾಂತ ಪುಸ್ತಕವನ್ನು ಕದ್ದು ಅಚ್ಚು ಹಾಕಿ ಮಾರುವುದು ಅಪರಾಧ. ಅದರಿಂದ ವಿದ್ಯಾರ್ಥಿಗೇ ಹೆಚ್ಚು ನಷ್ಟ. ಮಸುಕು ಅಚ್ಚಿನಲ್ಲಿ ಒಂದು ಋಣ ಚಿಹ್ನೆ ಅಳಿಸಿದರೆ, ಒಂದು ಘಾತಾಂಕ ಕಾಣದಿದ್ದರೆ ಇಡೀ ಲೆಕ್ಕ ತಪ್ಪುತ್ತದೆ.

ಬೆಲೆಯ ಲೆಕ್ಕ

ಪುಸ್ತಕದ ನಿಜವಾದ ಬೆಲೆ ಎಂದರೆ ಕೊಟ್ಟ ಹಣದಲ್ಲಿ ಮಾರಿ ಬಂದ ಹಣ ಕಳೆದದ್ದು. 600 ರೂಪಾಯಿಯ ಪುಸ್ತಕವನ್ನು ಒಬ್ಬ ಹೊಸದಾಗಿ ಕೊಂಡು 400ಕ್ಕೆ ಮಾರಿದ ಎನ್ನಿ. ಅವನಿಗೆ ಬಿದ್ದದ್ದು 200. ಎರಡನೆಯವನು ಅದನ್ನು 300ಕ್ಕೆ, ಮೂರನೆಯವನು 200ಕ್ಕೆ ಮಾರಿದರೆ ಇಬ್ಬರಿಗೂ ತಲಾ 100. ನಾಲ್ಕನೆಯವನು ಆ 200ಕ್ಕೆ ತನ್ನಲ್ಲೇ ಇಟ್ಟುಕೊಂಡ. ನಾಲ್ವರು ಓದಿದರು, ಖರ್ಚಾದದ್ದು ಅದೇ 600. ನಾಲ್ವರೂ ಹೊಸದು ಕೊಂಡಿದ್ದರೆ 2400. ಈ ಸರಪಳಿ ಕಡಿಯದಿರಬೇಕಾದರೆ ಪ್ರತಿಯೊಬ್ಬನೂ ಪುಸ್ತಕವನ್ನು ಮುಂದಿನವನದು ಎಂಬಂತೆ ಬಳಸಬೇಕು.

ಒಂದು ಎಚ್ಚರಿಕೆ: ಕೊಳ್ಳುವ ಮುಂಚೆ ಹೊಸದರ ಬೆಲೆ ತಿಳಿಯಿರಿ. ಎನ್‌ಸಿಇಆರ್‌ಟಿ 9ರಿಂದ 12ನೆಯ ತರಗತಿಯ ತನ್ನ ಪುಸ್ತಕಗಳ ಬೆಲೆಯನ್ನು 2025-26ಕ್ಕೆ ಶೇಕಡಾ 20ರಷ್ಟು ಇಳಿಸಿತು. ಹಳೆಯ ಪುಸ್ತಕದ ಮೇಲೆ ಅಚ್ಚಾದ ಬೆಲೆಯಲ್ಲಿ ಅರ್ಧ ಕೊಟ್ಟು ಬೀಗುವಾಗ ಹೊಸದೇ ಸ್ವಲ್ಪ ಹೆಚ್ಚಿಗೆ ಸಿಗುತ್ತಿರಬಹುದು.

ಕೊಳ್ಳದೆ ಓದುವ ದಾರಿ

ಸರ್ಕಾರಿ ಪದವಿ ಕಾಲೇಜುಗಳ ಗ್ರಂಥಾಲಯಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗಾಗಿ ಸಾಮಾನ್ಯವಾಗಿ ‘ಬುಕ್ ಬ್ಯಾಂಕ್’ ಇರುತ್ತದೆ. ಕೇಳುವವರಿಲ್ಲದೆ ಬೀರುವಿನಲ್ಲೇ ಉಳಿದ ಪುಸ್ತಕಗಳನ್ನು ನಾನು ನೋಡಿದ್ದೇನೆ. ಮೊದಲ ವಾರವೇ ಹೋಗಿ ಹೆಸರು ಬರೆಸಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ನಿಮಗೆ ಬೇಕಾದ ಪುಸ್ತಕದ ಹೆಸರು ಅಲ್ಲಿಯೂ ಕೊಟ್ಟಿರಿ. ಐಐಟಿ ಖರಗಪುರದವರು ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಎಲ್ಲರಿಗೂ ಉಚಿತ.

ಬೇಕಾದ ಒಂದೆರಡು ಅಧ್ಯಾಯ ಜೆರಾಕ್ಸ್ ಮಾಡಿಸಬಹುದೇ ಎಂದು ಅನೇಕರು ಕೇಳುತ್ತಾರೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ದೊಡ್ಡ ಪ್ರಕಾಶಕರು ಹೂಡಿದ್ದ ಮೊಕದ್ದಮೆಯಲ್ಲಿ ಪಾಠಕ್ಕೆ ಬೇಕಾದ ಭಾಗಗಳ ಪ್ರತಿ ತೆಗೆಯುವುದಕ್ಕೆ ಕಾಯ್ದೆ ಅವಕಾಶ ಕೊಡುತ್ತದೆ ಎಂದು 2016ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ನೀಡಿತು. ಇಡೀ ಪುಸ್ತಕವನ್ನೇ ಜೆರಾಕ್ಸ್ ಮಾಡಿಸಿ ಮಾರುವುದಕ್ಕೆ ಇದು ಪರವಾನಗಿಯಲ್ಲ.

ನಾವು ಓದಿದ ಕಾಲ

1988ರಲ್ಲಿ ನಾನು ಬಿಎಸ್ಸಿಗೆಂದು ಧಾರವಾಡಕ್ಕೆ ಹೋದಾಗ ನಮಗೂ ಹಣದ ಅಡಚಣೆ ಇತ್ತು. ಆದರೆ ಎರಡು ಅನುಕೂಲಗಳಿದ್ದವು. ರಷ್ಯಾದ ಮೀರ್ ಪ್ರಕಾಶನದ ಗಟ್ಟಿ ರಟ್ಟಿನ ವಿಜ್ಞಾನ ಪುಸ್ತಕಗಳು ನವಕರ್ನಾಟಕದವರ ಪ್ರದರ್ಶನಗಳಲ್ಲಿ ಊಟದ ಬೆಲೆಗೆ ಸಿಗುತ್ತಿದ್ದವು. ಬ್ರಿಟಿಷ್ ಸರ್ಕಾರದ ನೆರವಿನ ಇಎಲ್‌ಬಿಎಸ್ ಆವೃತ್ತಿಗಳೂ ಅಗ್ಗ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. 1997ಕ್ಕೆ ಇಎಲ್‌ಬಿಎಸ್ ಕೂಡ ನಿಂತಿತು. ನಮ್ಮ ಮಕ್ಕಳಿಗೆ ಆ ಅನುಕೂಲವಿಲ್ಲ. ಅಂದಿನ ಒಂದು ಮೀರ್ ಪುಸ್ತಕ ಇನ್ನೂ ನನ್ನಲ್ಲಿದೆ. ಅದರ ಮೊದಲ ಪುಟದಲ್ಲಿ ನನಗಿಂತ ಹಿಂದಿನ ಇಬ್ಬರ ಹೆಸರುಗಳಿವೆ.

ಮೈಕೆಲ್ ಫ್ಯಾರಡೆ 1805ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಲಂಡನ್ನಿನ ಪುಸ್ತಕ ವ್ಯಾಪಾರಿಯೊಬ್ಬನ ಬಳಿ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ. ಹೊಲಿಗೆಗೆ ಬಂದ ಬೇರೆಯವರ ಪುಸ್ತಕಗಳನ್ನು ಓದಿಯೇ ಅವನು ವಿದ್ಯುತ್ತಿನ, ರಸಾಯನಶಾಸ್ತ್ರದ ಪಾಠ ಕಲಿತ. ಅಷ್ಟು ದೂರ ಏಕೆ? ನಮ್ಮ ನೆಲದ ಗಳಗನಾಥರೂ ಶಿಕ್ಷಕರಾಗಿದ್ದವರು. ತಾವು ಬರೆದ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಪುಸ್ತಕ ಓದುಗನ ಮನೆ ಬಾಗಿಲಿಗೆ ಬರಬೇಕೆಂಬ ಹಟ ಅದು.

ಶಾಲೆಗೊಂದು ಟ್ರಂಕು

ಆ ತಂದೆ ಚೀಟಿ ಹಿಡಿದು ಬಂದ ವರ್ಷ ನಾನೊಂದು ಹಳೆಯ ಟ್ರಂಕು ತಂದು ನಮ್ಮ ಶಿಕ್ಷಕರ ಕೊಠಡಿಯಲ್ಲಿ ಇಟ್ಟೆ. ಕಾಲೇಜು ಮುಗಿಸಿದ ಹಳೆಯ ವಿದ್ಯಾರ್ಥಿಗಳಿಗೆಲ್ಲ ಹೇಳಿ ಕಳುಹಿಸಿದೆ. ಒಂದು ನೋಟುಬುಕ್ಕು: ಪುಸ್ತಕದ ಹೆಸರು, ಒಯ್ದವರ ಹೆಸರು, ತಾರೀಖು. ನಿಯಮ ಎರಡೇ. ಶಾಯಿಯಲ್ಲಿ ಬರೆಯಬಾರದು, ಪರೀಕ್ಷೆ ಮುಗಿದ ಹದಿನೈದು ದಿನದೊಳಗೆ ಮರಳಿಸಬೇಕು. ಕೆಲವು ಮರಳಲಿಲ್ಲ ನಿಜ. ಬಹಳಷ್ಟು ಮರಳಿದವು. ಈ ಕೆಲಸಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಅನುದಾನ ಬೇಕಿಲ್ಲ. ಯಾವ ಹೈಸ್ಕೂಲು, ಯಾವ ಯುವಕ ಮಂಡಳ, ಯಾವ ಸ್ತ್ರೀಶಕ್ತಿ ಸಂಘವಾದರೂ ಮಾಡಬಹುದು.

ಪಾಲಕರಲ್ಲಿ ಒಂದು ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸರಿಯಾದದ್ದೇ. ಆದರೆ ಮಗಳ ಅಥವಾ ಮಗನ ಓದಿನ ವಿಷಯದಲ್ಲಿ ಕಾಲು ಮಡಿಚುವ ಮುಂಚೆ ನೆರೆಮನೆಯಲ್ಲಿ ಇನ್ನೊಂದು ಹಾಸಿಗೆ ಇದೆಯೇ ಎಂದು ಕೇಳಿ ನೋಡಿ. ಹಳೆಯ ಪುಸ್ತಕ ಕೇಳುವುದು ನಾಚಿಕೆಯ ಸಂಗತಿಯಲ್ಲ. ಮಕ್ಕಳಿಗೂ ಅದನ್ನು ಹೇಳಿಕೊಡಿ.

ಆ ಹುಡುಗ ವಿಜ್ಞಾನ ಬಿಡಲಿಲ್ಲ. ಎರಡು ವರ್ಷದ ನಂತರ ಏಪ್ರಿಲ್‌ನಲ್ಲಿ ಅವನ ತಂದೆಯೇ ಪುಸ್ತಕಗಳನ್ನು ಚೀಲದಲ್ಲಿ ಕಟ್ಟಿಕೊಂಡು ಶಾಲೆಗೆ ಬಂದರು. ಎಲ್ಲಕ್ಕೂ ಖಾಕಿ ಕಾಗದದ ಹೊದಿಕೆ ಹಾಕಿಸಿದ್ದರು. ಟ್ರಂಕಿನ ಪಕ್ಕ ಇಟ್ಟು ‘ಎಲ್ಲಾ ಅದಾವ ನೋಡ್ರಿ ಸರ್, ಒಂದೂ ಬಿಟ್ಟಿಲ್ಲ’ ಎಂದರು.